ಗೋದಲಿಯ ಮುಂದೆ ನಿಂತ ಭಿಕ್ಷು

ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ನವರಾತ್ರಿಯ ಗೊಂಬೆಗಳ ಸಾಲಿನಲ್ಲಿ ಒಂದು ಮಣ್ಣಿನ ಎತ್ತು ಇತ್ತು. ಅದರ ಒಂದು ಕೊಂಬು ಮುರಿದಿತ್ತು. ವಿಜಯದಶಮಿ ಕಳೆದು ಪಟ್ಟದ ಗೊಂಬೆಗಳೂ ಶೆಟ್ಟರ ಅಂಗಡಿಯೂ ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿಸಿಕೊಂಡು ಪೆಟ್ಟಿಗೆಯನ್ನು ಸೇರಿದ ಮೇಲೂ ಈ ಎತ್ತು ಮಾತ್ರ ಗೋಡೆಯ ಗೂಡಿನಲ್ಲಿ ಹೊರಗೇ ಉಳಿಯುತ್ತಿತ್ತು. ಡಿಸೆಂಬರಿನಲ್ಲಿ ಅದಕ್ಕೆ ಇನ್ನೊಂದು ಕೆಲಸವಿತ್ತು. ನಮ್ಮ ನೆರೆಮನೆಯವರು ಕ್ರೈಸ್ತರು. ಕ್ರಿಸ್ತಜಯಂತಿಗೆ ವಾರವಿರುವಾಗ ಅವರ ನಡುಮನೆಯ ಮೂಲೆಯಲ್ಲಿ ಬತ್ತದ ಹುಲ್ಲಿನ ಒಂದು ಪುಟ್ಟ ಕೊಟ್ಟಿಗೆ ಏಳುತ್ತಿತ್ತು. ಅವರು ಅದನ್ನು ಗೋದಲಿ ಎಂದು ಕರೆಯುತ್ತಿದ್ದರು. ಆ ಮನೆಯ ಅಮ್ಮನವರು ನಮ್ಮ ತಾಯಿಯಿಂದ ಆ ಎತ್ತನ್ನು ಕೇಳಿ ಪಡೆದು, ಸೆರಗಿನಿಂದ ಅದರ ಧೂಳನ್ನೊರಸಿ, ಕೊಟ್ಟಿಗೆಯೊಳಗೆ ನಿಲ್ಲಿಸುತ್ತಿದ್ದರು. ನಡುವೆ ಇದ್ದ ಪುಟ್ಟ ತೊಟ್ಟಿಲು ಹಬ್ಬದ ನಡುರಾತ್ರಿಯವರೆಗೆ ಬರಿದಾಗಿಯೇ ಇರುತ್ತಿತ್ತು. ದೇವರ ಮಗನು ಹುಟ್ಟಿದ ಕಥೆಯಲ್ಲಿ ಕೊಂಬು ಮುರಿದ ಎತ್ತಿಗೇನು ಕೆಲಸ ಎಂದು ನಾನು ಆಗ ಅಚ್ಚರಿಪಡುತ್ತಿದ್ದೆ. ಉತ್ತರವು ಬಹಳ ವರ್ಷಗಳ ಮೇಲೆ ದೊರೆಯಿತು. ಇಟಲಿ ದೇಶದ ಒಬ್ಬ ಭಿಕ್ಷುವಿನ ಜೀವನವನ್ನು ಓದುತ್ತಿದ್ದಾಗ ದೊರೆಯಿತು.

ಗೋದಲಿ ಎಂಬುದು ನಮ್ಮ ರೈತರ ಮಾತು. ಕೊಟ್ಟಿಗೆಯಲ್ಲಿ ದನಗಳಿಗೆ ಮೇವು ಹಾಕುವ ತಾವು ಅದು. ಕನ್ನಡ ಕ್ರೈಸ್ತರ ಬಾಯಲ್ಲಿ ಆ ಮಾತು ಕ್ರಿಸ್ತನ ಜನ್ಮದ ದೃಶ್ಯಕ್ಕೇ ಹೆಸರಾಗಿ ನಿಂತಿದೆ. ಹೆತ್ತ ತಾಯಿಯು ಬೇರೆ ಸ್ಥಳವಿಲ್ಲದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆಯು ಹೇಳುತ್ತದೆ. ಎತ್ತು ಕತ್ತೆಗಳ ಹೆಸರು ಅಲ್ಲಿಲ್ಲ. ಯೆಶಾಯನ ಪ್ರವಾದನೆಯನ್ನು ನೆನೆದು ಹಿಂದಿನವರು ಅವನ್ನು ಆ ಚಿತ್ರಕ್ಕೆ ಸೇರಿಸಿದರು. ಆದರೆ ಬಣ್ಣದ ಚಿತ್ರದಲ್ಲಿದ್ದ ಎತ್ತನ್ನು ನಿಜವಾದ ಹಗ್ಗ ಹಿಡಿದು ಎಳೆದು ತರಿಸಿ, ನಿಜವಾದ ಹುಲ್ಲಿನ ಮುಂದೆ ನಿಲ್ಲಿಸಿ, ಹಬ್ಬವೆಂದರೆ ಏನೆಂಬುದನ್ನು ಒಂದು ಹಳ್ಳಿಯ ಜನಕ್ಕೆ ತೋರಿಸಿದವನು ಅಸಿಸಿಯ ಫ್ರಾನ್ಸಿಸನು. ಆತನ ಜೀವನವನ್ನು ಅನೇಕರು ಅನೇಕ ಬಗೆಯಾಗಿ ಬರೆದಿದ್ದಾರೆ. ನನಗಾದರೋ ಅದು ಮೊದಲಿನಿಂದ ಕೊನೆಯವರೆಗೆ ಊಟದ ಪಂಕ್ತಿಯೊಂದರ ಕಥೆಯೆಂದು ತೋರುತ್ತದೆ.

ಇಟಲಿಯ ನಡುಭಾಗದ ಉಂಬ್ರಿಯಾ ಪ್ರಾಂತದ ಬೆಟ್ಟದ ಇಳಿಜಾರಿನಲ್ಲಿ ಅಸಿಸಿ ಎಂಬ ಪಟ್ಟಣವಿದೆ. ಅಲ್ಲಿ ೧೧೮೧ರಲ್ಲೋ ೧೧೮೨ರಲ್ಲೋ ಆತನು ಹುಟ್ಟಿದನು. ತಂದೆ ಪಿಯೆತ್ರೋ ಬೆರ್ನಾರ್ದೋನೆ ಬಟ್ಟೆಯ ವ್ಯಾಪಾರಿ, ತಾಯಿ ಪೀಕಾ. ತಂದೆಯು ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿದ್ದಾಗ ಮಗುವಿಗೆ ಜೊವಾನ್ನಿ ಎಂದು ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದರು. ಹಿಂದಿರುಗಿ ಬಂದ ತಂದೆಯು ಫ್ರಾನ್ಸೆಸ್ಕೋ ಎಂದು ಕರೆದನು. ತಂದೆಯು ಕೊಟ್ಟ ಹೆಸರೇ ಜಗತ್ತಿಗೆ ಉಳಿಯಿತು. ತಂದೆಯು ಕೊಟ್ಟ ಮಿಕ್ಕ ಯಾವುದೂ ಮಗನಲ್ಲಿ ಉಳಿಯಲಿಲ್ಲ.

ತಾರುಣ್ಯದಲ್ಲಿ ಫ್ರಾನ್ಸಿಸನು ಹಬ್ಬಗಳ ಅರಸನಾಗಿದ್ದನು. ಇದು ಅಲಂಕಾರದ ಮಾತಲ್ಲ. ಅಸಿಸಿಯ ಶ್ರೀಮಂತ ತರುಣರು ಕೂಡಿ ಔತಣ ನಡೆಸುವರು. ಒಬ್ಬನನ್ನು ಕೂಟದ ನಾಯಕನೆಂದು ಆರಿಸಿ ಅವನ ಕೈಗೆ ಒಂದು ದಂಡವನ್ನು ಕೊಡುವರು. ಉಂಡು ಕುಡಿದ ಮೇಲೆ ಇರುಳೆಲ್ಲ ಹಾಡುತ್ತ ಬೀದಿ ಸುತ್ತುವರು. ಆ ದಂಡವು ಬಹುಮಟ್ಟಿಗೆ ಫ್ರಾನ್ಸಿಸನ ಕೈಗೇ ಬರುತ್ತಿತ್ತು, ಏಕೆಂದರೆ ಖರ್ಚಿನ ಹೊರೆಯೂ ಅವನದೇ ಆಗಿರುತ್ತಿತ್ತು. ಮಗನು ರಾಜಕುಮಾರನಂತೆ ಹಣ ಚೆಲ್ಲುತ್ತಾನೆಂದು ತಂದೆತಾಯಿಗಳು ಗೊಣಗಿದರೂ ತಡೆಯಲಿಲ್ಲ. ಊರು ಆ ಹುಡುಗನನ್ನು ಪ್ರೀತಿಸುತ್ತಿತ್ತು. ಕೂಟದಲ್ಲಿ ಎಲ್ಲರೂ ಇದ್ದರು. ಆದರೆ ಆ ಎಲ್ಲರೂ ಒಂದೇ ಅಂತಸ್ತಿನವರು, ಒಂದೇ ಬಣ್ಣದ ಉಡುಪಿನವರು.

೧೨೦೨ರಲ್ಲಿ ನೆರೆಯ ಪೆರೂಜಿಯಾ ಪಟ್ಟಣಕ್ಕೂ ಅಸಿಸಿಗೂ ಕಾಳಗ ನಡೆಯಿತು. ಅಸಿಸಿಯವರು ಸೋತರು, ಸೆರೆಸಿಕ್ಕವರಲ್ಲಿ ಫ್ರಾನ್ಸಿಸನೂ ಒಬ್ಬನು. ಸುಮಾರು ಒಂದು ವರ್ಷ ಸೆರೆಮನೆಯಲ್ಲಿದ್ದು ಬಂದನು. ಬಳಿಕ ದೀರ್ಘವಾದ ಬೇನೆ. ಎದ್ದು ಕೋಲೂರಿ ಹೊರಗೆ ಬಂದು ನೋಡಿದರೆ, ಹಿಂದೆ ಕಣ್ಣು ತಣಿಸುತ್ತಿದ್ದ ಹೊಲ ತೋಟಗಳು ಯಾವ ಸಂತೋಷವನ್ನೂ ಕೊಡಲಿಲ್ಲವಂತೆ. ವೀರನಾಗುವ ಹಂಬಲದಿಂದ ಮತ್ತೊಮ್ಮೆ ದಂಡಯಾತ್ರೆಗೆ ಹೊರಟವನು ಸ್ಪೊಲೆತೊ ಪಟ್ಟಣದಿಂದಲೇ ಹಿಂದಿರುಗಿದನು. ಗೆಳೆಯರು ಮತ್ತೆ ದಂಡವನ್ನು ಕೈಗೆ ಕೊಟ್ಟರು. ಆ ರಾತ್ರಿ ಎಲ್ಲರೂ ಹಾಡುತ್ತ ಮುಂದೆ ಹೋಗುತ್ತಿರಲು ಹಬ್ಬದ ಅರಸನು ಹಿಂದೆ ಉಳಿದು ನಡುಬೀದಿಯಲ್ಲಿ ಮೌನವಾಗಿ ನಿಂತುಬಿಟ್ಟನು. ಹೆಣ್ಣಿನ ಯೋಚನೆಯೇ ಎಂದು ಗೆಳೆಯರು ನಕ್ಕರು. ಅವರು ಕಂಡ ಎಲ್ಲ ಹೆಣ್ಣುಗಳಿಗಿಂತಲೂ ಚೆಲುವೆಯಾದ ವಧುವನ್ನು ತಾನು ವರಿಸಲಿರುವುದಾಗಿ ಆತನು ಉತ್ತರ ಕೊಟ್ಟನು. ಮುಂದೆ ಆತನು ಬಡತನವನ್ನೇ ವಧುವೆಂದು ಕರೆದದ್ದನ್ನು ಬಲ್ಲವರಿಗೆ ಈ ಉತ್ತರದ ಅರ್ಥ ತಿಳಿಯುತ್ತದೆ.

ಅಂದಿನ ಅಸಿಸಿಯಲ್ಲಿ ಯಾವ ಹಬ್ಬಕ್ಕೂ ಕರೆಯಿಲ್ಲದವರು ಇದ್ದರು. ಅವರು ಕುಷ್ಠರೋಗಿಗಳು, ಊರ ಹೊರಗಿನ ಆಶ್ರಮದಲ್ಲಿ ಅವರ ವಾಸ. ಅವರನ್ನು ದೂರದಿಂದ ಕಂಡರೂ ಫ್ರಾನ್ಸಿಸನು ಮೂಗು ಮುಚ್ಚಿಕೊಂಡು ಕುದುರೆಯನ್ನು ತಿರುಗಿಸುತ್ತಿದ್ದನು. ಒಂದು ದಿನ ಹಾದಿಯಲ್ಲಿ ಕುಷ್ಠರೋಗಿಯೊಬ್ಬನು ಎದುರಾದನು. ಆ ದಿನ ಆತನು ಕುದುರೆಯಿಂದಿಳಿದನು. ನಾಣ್ಯವನ್ನು ಕೊಟ್ಟು ಆ ಕೈಗೆ ಮುತ್ತಿಟ್ಟನು. ಸಾಯುವ ಮುನ್ನ ಬರೆಯಿಸಿದ ಮರಣಶಾಸನದಲ್ಲಿ ತನ್ನ ಹೊಸ ಬಾಳಿನ ಕಥೆಯನ್ನು ಆತನು ಆರಂಭಿಸುವುದು ಈ ಜನರಿಂದಲೇ. ಅವರ ನಡುವೆ ನಡೆದ ಮೇಲೆ ತನಗೆ ಕಹಿಯಾಗಿದ್ದುದು ಸಿಹಿಯಾಗಿ ತಿರುಗಿತೆಂದು ಅಲ್ಲಿ ಹೇಳಿಕೊಳ್ಳುತ್ತಾನೆ. ರುಚಿಯ ಮಾತನ್ನೇ ಅಲ್ಲಿ ಬಳಸಿದ್ದಾನೆಂಬುದನ್ನು ಓದುಗರು ಗಮನಿಸಬೇಕು. ಔತಣಕೂಟದ ಯಜಮಾನನಿಗೆ ನಿಜವಾದ ರುಚಿ ಹತ್ತಿದ್ದು ಅಲ್ಲಿ.

ಮುಂದಿನದು ಪ್ರಸಿದ್ಧವಾದ ಸಂಗತಿ. ಊರ ಹೊರಗೆ ಪಾಳುಬಿದ್ದಿದ್ದ ಸಾನ್ ದಮಿಯಾನೋ ಗುಡಿಯಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ, ಬೀಳುತ್ತಿರುವ ತನ್ನ ಮನೆಯನ್ನು ರಿಪೇರಿ ಮಾಡೆಂಬ ಕರೆ ಆತನಿಗೆ ಕೇಳಿಸಿತು. ತಂದೆಯ ಅಂಗಡಿಯ ಬಟ್ಟೆಯನ್ನೂ ಏರಿ ಹೋಗಿದ್ದ ಕುದುರೆಯನ್ನೂ ಫೊಲಿನ್ಯೊ ಪೇಟೆಯಲ್ಲಿ ಮಾರಿ, ಬಂದ ಹಣವನ್ನು ಗುಡಿಗೆ ಕೊಡಹೋದನು. ತಂದೆಯು ಕೆರಳಿ ಮಗನನ್ನು ಮನೆಯಲ್ಲಿ ಕೂಡಿಹಾಕಿದನು, ತಾಯಿಯು ಬಿಡಿಸಿದಳು, ವ್ಯಾಜ್ಯವು ಬಿಷಪ್ ಗೀದೋನ ಮುಂದೆ ಬಂದಿತು. ೧೨೦೬ರಲ್ಲಿ, ನೆರೆದ ಜನರೆದುರಿಗೆ, ಫ್ರಾನ್ಸಿಸನು ಹಣವನ್ನಷ್ಟೇ ಅಲ್ಲದೆ ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಯ ಮುಂದಿಟ್ಟು, ಇನ್ನು ತನಗೆ ಪರಲೋಕದಲ್ಲಿರುವ ತಂದೆಯೇ ತಂದೆಯೆಂದು ಸಾರಿದನು. ಬಿಷಪ್ಪನು ತನ್ನ ನಿಲುವಂಗಿಯಿಂದ ಅವನನ್ನು ಮರೆಮಾಡಿದನು.

ಚಿತ್ರಕಾರರು ಈ ದೃಶ್ಯವನ್ನು ಬರೆಯುವಾಗ ತಂದೆಯನ್ನು ಕ್ರೂರಿಯನ್ನಾಗಿ ಮಾಡುವುದುಂಟು. ನನಗೆ ಆ ಮುದುಕನ ವಿಷಯದಲ್ಲಿ ಮರುಕವುಂಟಾಗುತ್ತದೆ. ಮಾರಿದ ಬಟ್ಟೆ ಅವನದು. ಕಳೆದುಕೊಂಡ ಮಗನೂ ಅವನವನೇ. ಮುಂದೆ ಮಗನು ಬೀದಿಯಲ್ಲಿ ಭಿಕ್ಷೆ ಬೇಡುತ್ತಿರುವುದನ್ನು ಕಂಡಾಗಲೆಲ್ಲ ಅವನು ಶಪಿಸುತ್ತಿದ್ದನಂತೆ. ಆ ಶಾಪವನ್ನು ತಾಳಲಾರದೆ ಫ್ರಾನ್ಸಿಸನು ಒಬ್ಬ ಬಡ ಮುದುಕನನ್ನು ಜೊತೆಗೆ ಕರೆದುಕೊಂಡು, ತಂದೆಯು ಶಪಿಸಿದಾಗ ತನ್ನನ್ನು ಹರಸೆಂದು ಆ ಬಡವನನ್ನು ಕೇಳಿಕೊಳ್ಳುತ್ತಿದ್ದನು. ತಂದೆಮಕ್ಕಳು ಮತ್ತೆ ಒಂದು ಪಂಕ್ತಿಯಲ್ಲಿ ಕುಳಿತು ಉಂಡರೆಂದು ಯಾವ ಚರಿತ್ರಕಾರನೂ ಬರೆದಿಲ್ಲ. ಎಲ್ಲರನ್ನೂ ಪಂಕ್ತಿಗೆ ಕರೆದವನ ಬಾಳಿನಲ್ಲಿ ಈ ಒಂದು ಎಲೆ ಬರಿದಾಗಿಯೇ ಉಳಿಯಿತು.

ಗುಡಿಯ ಗೋಡೆ ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲಿಯ ಪಾದ್ರಿಯು ಆತನಿಗೆ ಕರುಣೆಯಿಂದ ಒಳ್ಳೆಯ ಅಡಿಗೆ ಮಾಡಿ ಬಡಿಸುತ್ತಿದ್ದನು. ಹೋದ ಹೋದಲ್ಲಿ ಇಂಥ ಪಾದ್ರಿಯು ದೊರೆಯುವನೆ ಎಂದು ತನ್ನನ್ನೇ ಕೇಳಿಕೊಂಡು ಫ್ರಾನ್ಸಿಸನು ಬಟ್ಟಲು ಹಿಡಿದು ಮನೆಮನೆಗೂ ಹೋದನು. ಹತ್ತು ಮನೆಯ ಉಳಿಕೆಗಳು ಒಂದೇ ಬಟ್ಟಲಿನಲ್ಲಿ ಕಲಸಿಹೋದದ್ದನ್ನು ಕಂಡು ಅವನ ಹೊಟ್ಟೆ ತೊಳಸಿತು. ಮನಸ್ಸನ್ನು ಗಟ್ಟಿಮಾಡಿಕೊಂಡು ತಿಂದನು. ಎಂದೂ ಇಂಥ ಸವಿಯೂಟವನ್ನು ಉಂಡಿರಲಿಲ್ಲವೆನಿಸಿತು. ಆ ಬಟ್ಟಲಿನಲ್ಲಿ ಊರಿನ ಎಲ್ಲ ಮನೆಗಳೂ ಇದ್ದುವಷ್ಟೆ!

ಕ್ರಮೇಣ ಜೊತೆಗಾರರು ಬಂದರು. ಹನ್ನೆರಡು ಮಂದಿಯಾದಾಗ ರೋಮಿಗೆ ಹೋಗಿ ಪೋಪ್ ಮೂರನೆಯ ಇನ್ನೊಸೆಂಟನ ಬಾಯಿಮಾತಿನ ಒಪ್ಪಿಗೆಯನ್ನು ಪಡೆದರು. ಇದು ೧೨೦೯ರ ಮಾತು. ೧೨೧೦ ಎನ್ನುವವರೂ ಉಂಟು. ತಮ್ಮನ್ನು ಅವರು ಕಿರಿಯ ಸೋದರರೆಂದು ಕರೆದುಕೊಂಡರು. ಅಸಿಸಿಯ ಕೆಳಗಿನ ಬಯಲಿನಲ್ಲಿ ಪೊರ್ಸಿಯುಂಕುಲಾ ಎಂಬ ಚಿಕ್ಕ ಗುಡಿಯ ಸುತ್ತ ಅವರ ಗುಡಿಸಲುಗಳೆದ್ದವು. ೧೨೧೨ರಲ್ಲಿ ಗರಿಗಳ ಭಾನುವಾರದ ರಾತ್ರಿ ಅಸಿಸಿಯ ಶ್ರೀಮಂತ ಮನೆತನದ ಕ್ಲಾರಾ ಎಂಬ ತರುಣಿಯು ಮನೆಬಿಟ್ಟು ಬಂದು ಅಲ್ಲಿಯೇ ದೀಕ್ಷೆ ಪಡೆದಳು. ಸಾನ್ ದಮಿಯಾನೋದಲ್ಲಿ ಆಕೆಯ ಸೋದರಿಯರ ಆಶ್ರಮ ಬೆಳೆಯಿತು.

ಈ ಸೋದರರ ದಿನನಿತ್ಯದ ಬಾಳು ಹೇಗಿತ್ತೆಂಬುದನ್ನು ಎರಡು ಪ್ರಸಂಗಗಳಿಂದ ತಿಳಿಯಬಹುದು. ಒಂದು ನಡುರಾತ್ರಿ ಗುಡಿಸಲಿನಲ್ಲಿ ಸೋದರನೊಬ್ಬನು ಸಾಯುತ್ತೇನೆಂದು ಕೂಗಿಕೊಂಡನು. ಫ್ರಾನ್ಸಿಸನು ದೀಪ ಹಚ್ಚಿಸಿ ವಿಚಾರಿಸಲಾಗಿ, ಮಿತಿಮೀರಿದ ಉಪವಾಸದಿಂದ ಹಸಿವು ತಾಳಲಾರದೆ ಕೂಗಿದನೆಂದು ತಿಳಿಯಿತು. ಬೇರೊಬ್ಬ ಗುರುವಾಗಿದ್ದರೆ ತಪಸ್ಸಿನ ಹಿರಿಮೆಯ ಮೇಲೆ ಉಪದೇಶ ಮಾಡುತ್ತಿದ್ದನೋ ಏನೋ. ಫ್ರಾನ್ಸಿಸನು ಆ ಹೊತ್ತಿನಲ್ಲಿಯೇ ಊಟಕ್ಕಿಡಿಸಿದನು. ಅವನೊಬ್ಬನೇ ಉಂಡರೆ ನಾಚಿಕೊಂಡಾನೆಂದು ತಾನೂ ಜೊತೆಗೆ ಕುಳಿತನು, ಮಿಕ್ಕ ಸೋದರರನ್ನೂ ಎಬ್ಬಿಸಿ ಕೂಡಿಸಿದನು. ಮೈಗೆ ಬೇಕಾದುದನ್ನು ಅವರವರ ಶಕ್ತಿಯರಿತು ಕೊಡಬೇಕೆಂಬ ಮಾತು ಊಟವಾದ ಮೇಲೆ ಬಂದಿತು.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ಕಠಿನವಾದದ್ದು. ಜೇಮ್ಸ್ ಎಂಬ ಸೋದರನು ಹುಣ್ಣು ತುಂಬಿದ ಕುಷ್ಠರೋಗಿಯೊಬ್ಬನನ್ನು ಗುಡಿಯವರೆಗೆ ಕರೆತಂದನು. ಹೀಗೆ ಕರೆತರುವುದು ತರವಲ್ಲವೆಂದು ಫ್ರಾನ್ಸಿಸನು ಆಕ್ಷೇಪಿಸಿದನು. ಮಾತು ಹೊರಬಿದ್ದೊಡನೆಯೇ ಆ ರೋಗಿಯ ಮನಸ್ಸು ನೊಂದಿತೆಂದು ತಿಳಿದು ಪಶ್ಚಾತ್ತಾಪಪಟ್ಟನು. ತಪ್ಪಿಗೆ ತಾನೇ ಪ್ರಾಯಶ್ಚಿತ್ತವನ್ನು ವಿಧಿಸಿಕೊಂಡನು: ಆ ದಿನ ಆ ರೋಗಿಯೊಡನೆ ಒಂದೇ ಪಾತ್ರೆಯಲ್ಲಿ ಉಂಡನು. ರೋಗಿಯು ಪಾತ್ರೆಗೆ ಕೈಯಿಟ್ಟಾಗಲೆಲ್ಲ ಕೊಳೆತ ಬೆರಳುಗಳಿಂದ ರಕ್ತವು ಊಟಕ್ಕೆ ಬೀಳುತ್ತಿತ್ತೆಂದು ಕಂಡವರು ಬರೆದಿಟ್ಟಿದ್ದಾರೆ. ಓದುವಾಗ ನಮಗೆ ಮೈ ಜುಮ್ಮೆನ್ನುತ್ತದೆ. ನೋಡುತ್ತಿದ್ದ ಸೋದರರೂ ಮಾತಾಡಲಾರದೆ ಕುಳಿತಿದ್ದರು.

ಮನುಷ್ಯರನ್ನು ಕಂಡ ಕಣ್ಣಿನಿಂದಲೇ ಆತನು ಮಿಕ್ಕ ಸೃಷ್ಟಿಯನ್ನೂ ಕಂಡನು. ಕೈತೊಳೆದ ನೀರು ತುಳಿತಕ್ಕೆ ಸಿಗದ ಜಾಗದಲ್ಲಿ ಬೀಳಲಿ ಎನ್ನುವನು. ಸೌದೆ ಕಡಿಯುವವನಿಗೆ, ಮರವು ಮತ್ತೆ ಚಿಗುರುವಂತೆ ಬುಡವನ್ನು ಉಳಿಸೆಂದು ಹೇಳುವನು. ತೋಟದ ಸೋದರನಿಗೆ, ನೆಲವನ್ನೆಲ್ಲ ತರಕಾರಿಗೇ ಮುಗಿಸದೆ ಹೂವಿಗೂ ಒಂದು ಪಾತಿಯನ್ನು ಬಿಡೆಂದು ಹೇಳುವನು. ಹಾದಿಯ ಹುಳುವನ್ನು ತುಳಿಯಬಾರದೆಂದು ಎತ್ತಿ ಪಕ್ಕಕ್ಕಿಡುವನು. ಇವೆಲ್ಲ ಆತನ ಪಾಲಿಗೆ ಧರ್ಮಗ್ರಂಥದ ವ್ಯಾಖ್ಯಾನಗಳೇ ಆಗಿದ್ದುವು. ನೀರನ್ನು ಕಂಡರೆ ದೀಕ್ಷಾಸ್ನಾನ, ಮರವನ್ನು ಕಂಡರೆ ಶಿಲುಬೆ, ಹುಳುವನ್ನು ಕಂಡರೆ ತನ್ನನ್ನು ಹುಳುವೆಂದು ಕರೆದುಕೊಂಡ ಕೀರ್ತನಕಾರ: ಹೀಗೆ ದಿನದ ಕೆಲಸವೆಲ್ಲ ಆತನಿಗೆ ಕ್ರಿಸ್ತನ ನೆನಪಾಗಿ ಪರಿಣಮಿಸಿತ್ತು. ಮನೆಗೆಲಸಕ್ಕೂ ಪೂಜೆಗೂ ನಡುವೆ ನಾವು ಎಳೆಯುವ ಗೆರೆಯನ್ನು ಆತನು ಎಳೆಯಲಿಲ್ಲ.

ಇಂಥವನ ಬಾಳಿನಲ್ಲಿ ಹಬ್ಬಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ವರ್ಷದ ಬಹುಭಾಗ ಉಪವಾಸ ಮಾಡುವವನಿಗೆ, ಬೆಂದ ಅಡಿಗೆಗೆ ರುಚಿ ಹೆಚ್ಚಾಯಿತೆಂದು ಬೂದಿ ಬೆರಸುವವನಿಗೆ ಹಬ್ಬವೇಕೆ? ಆದರೆ ಕ್ರಿಸ್ತಜಯಂತಿಯನ್ನು ಹಬ್ಬಗಳ ಹಬ್ಬವೆಂದು ಆತನು ಕರೆಯುತ್ತಿದ್ದನು. ದೇವರು ಹಸಿವೆಯುಳ್ಳ ಮಗುವಾಗಿ ತಾಯಿಯ ಹಾಲಿಗೆ ಬಾಯಿಟ್ಟ ದಿನ ಅದೆಂದು ಆತನ ಭಾವನೆ. ಒಮ್ಮೆ ಆ ಹಬ್ಬವು ಶುಕ್ರವಾರ ಬಂದಿತು. ಶುಕ್ರವಾರ ಮಾಂಸವನ್ನು ತಿನ್ನಬಾರದೆಂಬುದು ನಿಯಮ. ತಿನ್ನಬಹುದೆ, ಬಾರದೆ ಎಂದು ಸೋದರರಲ್ಲಿ ಚರ್ಚೆ ಹುಟ್ಟಲು ಮೊರಿಕೊ ಎಂಬ ಸೋದರನು ಬಂದು ಕೇಳಿದನು. ಅಂಥ ದಿನವನ್ನು ಶುಕ್ರವಾರವೆಂದು ಕರೆಯುವುದೇ ಪಾಪ, ಗೋಡೆಗಳು ತಿನ್ನುವಂತಿದ್ದರೆ ಅವಕ್ಕೂ ಮಾಂಸವನ್ನು ತಿನ್ನಿಸಬೇಕು, ತಿನ್ನಲಾರವಾದ್ದರಿಂದ ಹೊರಗೆ ಬಳಿಯಾದರೂ ಬಳಿಯಬೇಕು ಎಂದು ಆತನು ಉತ್ತರಿಸಿದನು! ಚಕ್ರವರ್ತಿಯ ಭೇಟಿಯಾದರೆ ಒಂದು ಶಾಸನವನ್ನು ಬೇಡುವೆನೆಂದೂ ಹೇಳುತ್ತಿದ್ದನು. ಆ ದಿನ ಶಕ್ತಿಯುಳ್ಳವರೆಲ್ಲರೂ ಹಕ್ಕಿಗಳಿಗಾಗಿ, ಅದರಲ್ಲಿಯೂ ಬಾನಾಡಿಗಳಿಗಾಗಿ, ದಾರಿಯಲ್ಲಿ ಕಾಳು ಚೆಲ್ಲಬೇಕು; ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚಾಗಿ ಮೇವು ಹಾಕಬೇಕು; ಶ್ರೀಮಂತರು ಬಡವರಿಗೆ ಹೊಟ್ಟೆ ತುಂಬ ಊಟವಿಕ್ಕಬೇಕು. ಸಂಕ್ರಾಂತಿಯ ದಿನ ದನಗಳ ಮೈತೊಳೆದು ಹಬ್ಬದ ಅಡಿಗೆಯನ್ನು ತಿನ್ನಿಸುವ ನಮ್ಮ ರೈತನಿಗೆ ಈ ಶಾಸನದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಹಬ್ಬದ ಸಡಗರವನ್ನೆಲ್ಲ ಆತನು ಮೆಚ್ಚುತ್ತಿದ್ದನೆಂದು ತಿಳಿಯಬಾರದು. ಗ್ರೆಚ್ಚೊ ಎಂಬ ಗ್ರಾಮದ ಆಶ್ರಮದಲ್ಲಿ ಒಂದು ಹಬ್ಬದ ದಿನ ಸೋದರರು ಎತ್ತರದ ಮೇಜಿಗೆ ಬಿಳಿಯ ಬಟ್ಟೆ ಹಾಸಿ ಗಾಜಿನ ಪಾತ್ರೆಗಳನ್ನು ಜೋಡಿಸಿದರು. ಅದು ಈಸ್ಟರ್ ಎಂದು ಒಂದು ಚರಿತ್ರೆ ಹೇಳುತ್ತದೆ, ಕ್ರಿಸ್ತಜಯಂತಿಯೆಂದು ಇನ್ನೊಂದು. ಫ್ರಾನ್ಸಿಸನು ಮೆಲ್ಲನೆ ಹೊರಗೆ ಹೋಗಿ, ಬಂದಿದ್ದ ಬಡವನೊಬ್ಬನ ಟೋಪಿಯನ್ನು ಹಾಕಿಕೊಂಡು ಕೋಲು ಹಿಡಿದು, ಊಟ ಆರಂಭವಾದ ಮೇಲೆ ಬಾಗಿಲಲ್ಲಿ ನಿಂತು, ಬಡ ಯಾತ್ರಿಕನಿಗೆ ದೇವರ ಹೆಸರಿನಲ್ಲಿ ಭಿಕ್ಷೆ ನೀಡಿರೆಂದು ಕೂಗಿದನು. ಒಳಗೆ ಕರೆದು ಒಂದು ಪಾತ್ರೆಯಲ್ಲಿ ಕೊಟ್ಟರು. ಆತನು ಒಲೆಯ ಬಳಿ ನೆಲದ ಮೇಲೆ ಕುಳಿತು ಉಣತೊಡಗಿದನು. ಮೇಜಿನ ಮುಂದಿದ್ದವರಿಗೆ ತುತ್ತು ಇಳಿಯಲಿಲ್ಲ. ಈಗ ತಾನು ಕಿರಿಯ ಸೋದರನಂತೆ ಕುಳಿತಿದ್ದೇನೆಂದು ಆತನು ಹೇಳಿದಾಗ ಕೆಲವರು ಅತ್ತರಂತೆ.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಒಂದು ಯುಗಾದಿಯ ಮಧ್ಯಾಹ್ನ ನೆನಪಾಗುತ್ತದೆ. ಒಬ್ಬಟ್ಟಿನ ಎಲೆಯ ಮುಂದೆ ಕುಳಿತಿದ್ದೆ. ಬಾಗಿಲಲ್ಲಿ ಯಾರೋ ಕೂಗಿದರು. ನಾನು ಎದ್ದು ನೋಡದೆ, ಕುಳಿತಲ್ಲಿಂದಲೇ, ಮುಂದಿನ ಮನೆಗೆ ಹೋಗೆಂದು ಹೇಳಿಬಿಟ್ಟೆ. ಆ ಮುಖ ಯಾವುದೆಂದು ನನಗೆ ಇಂದಿಗೂ ತಿಳಿಯದು. ಗೋಡೆಗೂ ಮಾಂಸ ತಿನ್ನಿಸಬೇಕೆಂದವನೇ ಬಿಳಿಯ ಬಟ್ಟೆಯ ಮೇಜಿಗೆ ಬೆನ್ನು ತಿರುಗಿಸಿದ್ದು ಏಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಎರಡಕ್ಕೂ ಕಾರಣ ಒಂದೇ ಎಂದು ನಾನು ಬಲ್ಲೆ. ಊಟವು ಹೆಚ್ಚಾಯಿತೆಂಬುದು ಆತನ ದೂರಲ್ಲ. ಬಾಗಿಲಾಚೆ ನಿಂತವನು ಒಳಗಿಲ್ಲವೆಂಬುದೇ ದೂರು.

ಇನ್ನು ಆ ಗ್ರೆಚ್ಚೊ ಗ್ರಾಮದ ಪ್ರಸಿದ್ಧವಾದ ಇರುಳಿಗೆ ಬರುತ್ತೇನೆ. ಅದು ೧೨೨೩ನೆಯ ಇಸವಿ. ಆ ಹೊತ್ತಿಗೆ ಫ್ರಾನ್ಸಿಸನು ಬಹಳವನ್ನು ಕಳೆದುಕೊಂಡಿದ್ದನು. ೧೨೧೯ರಲ್ಲಿ ಧರ್ಮಯುದ್ಧದ ನಡುವೆ ಈಜಿಪ್ಟಿನ ದಮಿಯೆತ್ತಾಕ್ಕೆ ಹೋಗಿ, ಸುಲ್ತಾನ ಅಲ್ ಕಾಮಿಲನನ್ನು ಕಂಡು ಮಾತನಾಡಿ ಬಂದಿದ್ದನು. ಆ ಯಾತ್ರೆಯಿಂದ ಬರುವಾಗ ಕಣ್ಣಿನ ಬೇನೆ ಜೊತೆಯಲ್ಲಿ ಬಂದಿತು. ಹಿಂದಿರುಗಿ ನೋಡಿದರೆ, ಹನ್ನೆರಡು ಮಂದಿಯ ಗುಂಪು ಸಾವಿರಾರು ಮಂದಿಯ ಸಂಘವಾಗಿ ಬೆಳೆದಿತ್ತು. ಕೆಲವರಿಗೆ ಕಟ್ಟಡಗಳು ಬೇಕಾಗಿದ್ದುವು, ಕೆಲವರಿಗೆ ಪುಸ್ತಕಗಳು. ಆದಿಯ ಬಡತನವು ಹಲವರಿಗೆ ಹೊರೆಯಾಗಿ ಕಂಡಿತು. ೧೨೨೦ರಲ್ಲಿ ಆತನು ಸಂಘದ ಆಡಳಿತವನ್ನು ಬಿಟ್ಟುಕೊಟ್ಟನು. ಆತನು ಬರೆದಿದ್ದ ದೀರ್ಘವಾದ ನಿಯಮಾವಳಿಯು ಸಂಕ್ಷೇಪವಾಗಿ, ತಿದ್ದುಪಡಿಗಳಾಗಿ, ೧೨೨೩ರ ನವೆಂಬರ್ ೨೯ರಂದು ಪೋಪ್ ಮೂರನೆಯ ಹೊನೋರಿಯಸನ ಮುದ್ರೆಯನ್ನು ಪಡೆಯಿತು. ಆ ಮುದ್ರೆ ಬಿದ್ದು ತಿಂಗಳು ತುಂಬುವುದರೊಳಗೆ ಕ್ರಿಸ್ತಜಯಂತಿ ಬಂದಿತು.

ರಿಯೇತಿ ಕಣಿವೆಯ ಪಕ್ಕದ ಬಂಡೆಗಳ ಮೇಲೆ ಗ್ರೆಚ್ಚೊ ಇದೆ. ಅಲ್ಲಿಯ ಜೊವಾನ್ನಿ ಎಂಬ ಗೃಹಸ್ಥನನ್ನು ಹಬ್ಬಕ್ಕೆ ಹದಿನೈದು ದಿನಗಳಿರುವಾಗ ಕರೆಯಿಸಿ ಫ್ರಾನ್ಸಿಸನು ತನ್ನ ಬಯಕೆಯನ್ನು ತಿಳಿಸಿದನು. ಬೆತ್ಲೆಹೇಮಿನಲ್ಲಿ ಹುಟ್ಟಿದ ಆ ಮಗುವಿಗೆ ಎಷ್ಟು ಅನನುಕೂಲವಾಯಿತು, ಗೋದಲಿಯಲ್ಲಿ ಅದು ಹೇಗೆ ಮಲಗಿತ್ತು, ಎತ್ತು ಕತ್ತೆಗಳ ನಡುವೆ ಹುಲ್ಲಿನ ಮೇಲೆ ಹೇಗಿತ್ತು ಎಂಬುದನ್ನು ಈ ಮೈಯ ಕಣ್ಣಿನಿಂದಲೇ ಕಾಣಬೇಕೆಂಬುದು ಆ ಬಯಕೆ. ಮಂಜಾಗುತ್ತಿದ್ದ ಕಣ್ಣುಗಳಿಂದ ಆತನು ಕಾಣಬೇಕೆಂದು ಕೇಳಿದ್ದು ರೋಮಿನ ವೈಭವವನ್ನಲ್ಲ, ಒಂದು ಮೇವಿನ ತಾವನ್ನು.

ಜೊವಾನ್ನಿಯು ಹೇಳಿದಂತೆಯೇ ಸಿದ್ಧಪಡಿಸಿದನು. ಹಬ್ಬದ ರಾತ್ರಿ ಸುತ್ತಣ ಹಳ್ಳಿಗಳ ಗಂಡಸರು ಹೆಂಗಸರು ಮೇಣದ ಬತ್ತಿಗಳನ್ನೂ ಪಂಜುಗಳನ್ನೂ ಹಿಡಿದು ಕಾಡಿನ ದಾರಿಯಲ್ಲಿ ಬಂದರು. ಸೋದರರ ಹಾಡಿಗೆ ಬಂಡೆಗಳು ಮರುದನಿ ಕೊಟ್ಟುವು. ಅಲ್ಲಿ ದೇವಮಾತೆಯ ವಿಗ್ರಹವಿತ್ತೆಂದಾಗಲಿ ಮಗುವಿನ ಬೊಂಬೆಯಿತ್ತೆಂದಾಗಲಿ ಮೊದಲ ಚರಿತ್ರಕಾರನಾದ ಚೆಲಾನೋದ ಥಾಮಸನು ಹೇಳುವುದಿಲ್ಲ. ಇದ್ದದ್ದು ಒಂದು ಗೋದಲಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅದರ ಮುಂದೆ ಪಾದ್ರಿಯು ಬಲಿಪೂಜೆಯನ್ನು ನಡೆಸಿದನು. ಫ್ರಾನ್ಸಿಸನು ಪಾದ್ರಿಯಲ್ಲ, ಡೀಕನ್ ಪದವಿಯವನು; ಆದುದರಿಂದ ಸುವಾರ್ತೆಯನ್ನು ಹಾಡುವ ಹಕ್ಕು ಅವನದಾಯಿತು. ಹಾಡಿ, ಬಳಿಕ ಜನಕ್ಕೆ ಬೋಧಿಸಿದನು. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿ ಅರಚಿದಂತೆ ಎಳೆದು ಉಚ್ಚರಿಸುತ್ತಿದ್ದನಂತೆ. ಆ ಹೆಸರು ಬಾಯಿಗೆ ಬಂದಾಗ ಜೇನು ಸವಿದವನಂತೆ ತುಟಿಯನ್ನು ಸವರಿಕೊಳ್ಳುತ್ತಿದ್ದನಂತೆ. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ರೊಟ್ಟಿಯ ಮನೆಯೆಂಬ ಊರಿನಲ್ಲಿ ಹುಟ್ಟಿದ ಮಗುವು ಮೇವಿನ ತಾವಿನಲ್ಲಿ ಮಲಗಿತು. ಆ ತಾವಿನ ಮುಂದೆ ಪೂಜೆಯ ರೊಟ್ಟಿಯನ್ನು ಮುರಿದು ಜನರಿಗೆ ಹಂಚಲಾಯಿತು. ಹಾಡಿದವನು ಒಂದು ಕಾಲಕ್ಕೆ ಕುಷ್ಠರೋಗಿಯ ಪಾತ್ರೆಯಲ್ಲಿ ಉಂಡವನು. ಹೀಗೆ ನೋಡಿದಾಗ ಅಂದಿನ ದೃಶ್ಯವು ಬರಿಯ ಅಲಂಕಾರವೆನಿಸದೆ, ಆತನ ಇಡೀ ಜೀವನದ ಪಂಕ್ತಿಯೇ ಅಲ್ಲಿ ಕೂಡಿತೆಂದು ತೋರುತ್ತದೆ. ಬರಿದಾಗಿದ್ದ ಆ ಗೋದಲಿಯಲ್ಲಿ ನಿದ್ರಿಸುತ್ತಿದ್ದ ಮಗುವೊಂದನ್ನೂ, ಫ್ರಾನ್ಸಿಸನು ಹತ್ತಿರ ಹೋಗಿ ಅದನ್ನು ಎಚ್ಚರಿಸುವುದನ್ನೂ ಒಬ್ಬನು ಕಂಡನೆಂದು ಚರಿತ್ರಕಾರನು ಬರೆಯುತ್ತಾನೆ. ಆ ಹುಲ್ಲನ್ನು ಜನರು ಆಮೇಲೆ ಕಾಯಿಲೆಯ ದನಗಳಿಗೆ ತಿನ್ನಿಸಿದರು. ಹಬ್ಬದ ಪ್ರಸಾದವು ದನಗಳಿಗೂ ಮುಟ್ಟಿತು.

ಕ್ರಿಸ್ತಜನ್ಮದ ದೃಶ್ಯವನ್ನು ಚಿತ್ರಗಳಲ್ಲಿಯೂ ಗುಡಿಯ ರೂಪಕಗಳಲ್ಲಿಯೂ ತೋರಿಸುವ ಪದ್ಧತಿ ಫ್ರಾನ್ಸಿಸನಿಗಿಂತ ಮೊದಲೇ ಇತ್ತು. ಆತನ ಹೆಚ್ಚಳವೆಂದರೆ ದನದ ಕೊಟ್ಟಿಗೆಯನ್ನೇ ಗುಡಿಯಾಗಿ ಕಂಡದ್ದು. ಅಂದು ಮನೆಗೆ ಮರಳಿದ ರೈತನು ತನ್ನ ಹಿತ್ತಿಲಿನ ಗೋದಲಿಯನ್ನು ಮೊದಲಿನ ಕಣ್ಣಿನಿಂದ ನೋಡಿರಲಾರನು.

ಉಳಿದದ್ದು ಮೂರು ವರ್ಷಗಳ ಬಾಳು. ೧೨೨೪ರ ಸೆಪ್ಟೆಂಬರಿನಲ್ಲಿ ಲಾ ವೆರ್ನಾ ಬೆಟ್ಟದ ಏಕಾಂತದಲ್ಲಿ ಕ್ರಿಸ್ತನ ಗಾಯಗಳ ಗುರುತುಗಳು ಆತನ ಮೈಯಲ್ಲಿ ಮೂಡಿದುವೆಂದು ಸಮಕಾಲೀನರು ನಂಬಿದರು. ಕಣ್ಣುಗಳು ಬೆಳಕನ್ನು ಸಹಿಸದಾದುವು. ಕಾದ ಕಬ್ಬಿಣದಿಂದ ಕಪಾಲವನ್ನು ಸುಡುವ ಚಿಕಿತ್ಸೆಯನ್ನು ವೈದ್ಯರು ಮಾಡಿದರು. ಕಬ್ಬಿಣವು ಹತ್ತಿರ ಬಂದಾಗ ಆತನು ಬೆಂಕಿಯನ್ನು ಅಣ್ಣನೆಂದು ಕರೆದು, ತನ್ನ ಮೇಲೆ ಕನಿಕರವಿರಲೆಂದು ಬೇಡಿಕೊಂಡನು. ೧೨೨೫ರಲ್ಲಿ ಸಾನ್ ದಮಿಯಾನೋದ ಬಳಿ, ಇಲಿಗಳು ಓಡಾಡುವ ಗುಡಿಸಲಿನಲ್ಲಿ, ಕಣ್ಣು ತೆರೆಯಲಾರದೆ ಮಲಗಿದ್ದಾಗ ಆತನು ಸೂರ್ಯನ ಕುರಿತಾದ ಗೀತವನ್ನು ಕಟ್ಟಿದನು. ಸೂರ್ಯನನ್ನು ಕಾಣಲಾರದವನು ಕಟ್ಟಿದ ಸೂರ್ಯಗೀತ! ಸೂರ್ಯ, ಚಂದ್ರ, ಗಾಳಿ, ನೀರು, ಬೆಂಕಿ, ನೆಲ ಎಲ್ಲವೂ ಅಲ್ಲಿ ಒಡಹುಟ್ಟಿದವರು. ಪಂಡಿತರ ಲ್ಯಾಟಿನನ್ನು ಬಿಟ್ಟು ತನ್ನ ಊರಿನ ಉಂಬ್ರಿಯಾದ ಆಡುಮಾತಿನಲ್ಲಿ ಆತನು ಅದನ್ನು ರಚಿಸಿದನು. ಇಟಲಿಯ ಸಾಹಿತ್ಯದ ಚರಿತ್ರೆಯು ಆರಂಭದ ಕವಿತೆಗಳಲ್ಲಿ ಅದನ್ನು ಎಣಿಸುತ್ತದೆ. ಅದಕ್ಕೆ ಸುಮಾರು ಎರಡು ತಲೆಮಾರುಗಳ ಹಿಂದೆ ನಮ್ಮ ಕಲ್ಯಾಣದ ಶರಣರು ಜನದ ಮಾತಿನಲ್ಲಿಯೇ ದೇವರೊಡನೆ ಮಾತನಾಡಿದ್ದನ್ನು ಬಲ್ಲ ಕನ್ನಡಿಗನಿಗೆ ಈ ಸಂಗತಿಯು ಪರಕೀಯವಾಗಿ ತೋರುವುದಿಲ್ಲ. ಅಸಿಸಿಯ ಬಿಷಪ್ಪನಿಗೂ ನಗರಾಧಿಕಾರಿಗೂ ಜಗಳವಾದಾಗ, ಕ್ಷಮಿಸುವವರನ್ನು ಕುರಿತ ನುಡಿಗಳನ್ನು ಹೊಸದಾಗಿ ಸೇರಿಸಿ, ಸೋದರರಿಂದ ಇಬ್ಬರ ಮುಂದೆಯೂ ಹಾಡಿಸಿದನು, ಇಬ್ಬರೂ ಅಪ್ಪಿಕೊಂಡರು. ಸಾವು ಸಮೀಪಿಸಿದಾಗ ಸಾವನ್ನೂ ಅಕ್ಕನೆಂದು ಕರೆದು ಆ ಗೀತಕ್ಕೆ ಸೇರಿಸಿದನು.

ತನ್ನ ಮೈಯನ್ನು ಆತನು ಕತ್ತೆಯಣ್ಣನೆಂದು ಕರೆಯುತ್ತಿದ್ದನು. ಹೊರೆ ಹೊರಿಸಿ, ಹೊಡೆದು, ಅರೆಹೊಟ್ಟೆಯಲ್ಲಿ ದುಡಿಸಿದ ಆ ಕತ್ತೆಗೆ ತಾನು ಅನ್ಯಾಯ ಮಾಡಿದೆನೆಂದು ಕೊನೆಗಾಲದಲ್ಲಿ ಒಪ್ಪಿಕೊಂಡು ಅದರ ಕ್ಷಮೆಯನ್ನು ಬೇಡಿದನು. ಎಲ್ಲರನ್ನೂ ಪಂಕ್ತಿಗೆ ಕರೆದವನು ತನ್ನ ಮೈಯನ್ನು ಮಾತ್ರ ಹೊರಗೆ ನಿಲ್ಲಿಸಿದ್ದನೆಂಬುದು ಆತನಿಗೇ ಹೊಳೆಯಿತೆಂದು ಕಾಣುತ್ತದೆ.

ಪೊರ್ಸಿಯುಂಕುಲಾದಲ್ಲಿ ಮರಣಶಯ್ಯೆಯಲ್ಲಿದ್ದಾಗ ರೋಮಿನ ಜಾಕೊಮಾ ಎಂಬ ಭಕ್ತೆಯನ್ನು ನೆನೆದು, ಹೊದಿಸುವ ಬಟ್ಟೆಯೊಡನೆ, ತಾನು ರೋಮಿನಲ್ಲಿದ್ದಾಗ ಆಕೆ ಮಾಡಿಕೊಡುತ್ತಿದ್ದ ಬಾದಾಮಿಯ ಸಿಹಿತಿಂಡಿಯನ್ನೂ ತರಲೆಂದು ಹೇಳಿಸಿದನು. ಓಲೆ ಹೊರಡುವ ಮೊದಲೇ ಆಕೆ ಎರಡನ್ನೂ ತಂದು ಬಾಗಿಲಲ್ಲಿ ನಿಂತಿದ್ದಳಂತೆ. ತಿನ್ನಲು ಶಕ್ತಿಯಿರಲಿಲ್ಲ, ಸ್ವಲ್ಪವೇ ರುಚಿ ನೋಡಿದನು. ಜೀವಮಾನವೆಲ್ಲ ಅಡಿಗೆಗೆ ಬೂದಿ ಬೆರಸಿದ ತಪಸ್ವಿಯು ಸಾಯುವಾಗ ಸಿಹಿಯನ್ನು ಬೇಡಿದನೆಂಬ ಈ ಸಂಗತಿಯನ್ನು ಓದಿದಾಗ ನನಗೆ ಆತನ ಮೇಲಿನ ಭಕ್ತಿಯು ಪ್ರೀತಿಯಾಗಿ ತಿರುಗಿತು. ಬಳಿಕ ರೊಟ್ಟಿಯನ್ನು ತರಿಸಿ, ಹರಸಿ, ಮುರಿಸಿ, ಸುತ್ತಲಿದ್ದ ಒಬ್ಬೊಬ್ಬ ಸೋದರನಿಗೂ ಒಂದೊಂದು ತುಂಡನ್ನು ಹಂಚಿದನು. ಕ್ರಿಸ್ತನ ಕಡೆಯ ಊಟದ ನೆನಪು ಅದು. ೧೨೨೬ರ ಅಕ್ಟೋಬರ್ ೩ರ ಸಂಜೆ, ಬರಿಯ ನೆಲದ ಮೇಲೆ, ಆತನು ಪ್ರಾಣಬಿಟ್ಟನು. ಬೆಳಕನ್ನು ಹಾರೈಸುವ ಬಾನಾಡಿಗಳು ಕತ್ತಲಾಗುತ್ತಿದ್ದರೂ ಆ ಗುಡಿಸಲಿನ ಮೇಲೆ ಸುತ್ತಿ ಸುತ್ತಿ ಹಾಡಿದುವೆಂದು ಬರೆದಿದ್ದಾರೆ. ಅವುಗಳಿಗಾಗ ಯಾವ ಚಕ್ರವರ್ತಿಯೂ ಕಾಳು ಚೆಲ್ಲಿಸಿರಲಿಲ್ಲ.

೧೨೨೮ರ ಜುಲೈ ೧೬ರಂದು ಪೋಪ್ ಒಂಬತ್ತನೆಯ ಗ್ರೆಗರಿಯು ಆತನನ್ನು ಸಂತನೆಂದು ಘೋಷಿಸಿದನು. ೨೦೨೬ಕ್ಕೆ ಆತನ ಮರಣದಿಂದ ಎಂಟುನೂರು ವರ್ಷಗಳಾಗುತ್ತವೆ. ಆತನ ಹೆಸರಿನ ಮಹಾಮಂದಿರಗಳೆದ್ದಿವೆ, ಪಾಂಡಿತ್ಯಪೂರ್ಣವಾದ ಗ್ರಂಥಗಳು ಬಂದಿವೆ. ನನಗಾದರೋ ಆತನ ನೆನಪಾದಾಗ ಕಣ್ಣಿಗೆ ಕಟ್ಟುವುದು ನಮ್ಮ ನೆರೆಮನೆಯ ಆ ಮೂಲೆ. ನಮ್ಮ ತಾಯಿಯೂ ಆ ಅಮ್ಮನವರೂ ಇಂದಿಲ್ಲ. ಫ್ರಾನ್ಸಿಸನ ಹೆಸರನ್ನು ನಮ್ಮ ತಾಯಿ ಕೇಳಿದ್ದಳೋ ಇಲ್ಲವೋ. ಆದರೆ ಒಂದು ಮನೆಯ ಹಬ್ಬದಲ್ಲಿ ನಿಂತ ಎತ್ತು ಇನ್ನೊಂದು ಮನೆಯ ಹಬ್ಬದಲ್ಲಿಯೂ ನಿಲ್ಲಬಹುದೆಂಬುದರಲ್ಲಿ ಅವಳಿಗೆ ಎಂದೂ ಸಂದೇಹವಿರಲಿಲ್ಲ. ಹಬ್ಬ ಮುಗಿದು ಎತ್ತು ಹಿಂದಕ್ಕೆ ಬರುವಾಗ ಅದರ ಜೊತೆಗೆ ಒಂದು ತಟ್ಟೆ ಕಲಕಲ ಬರುತ್ತಿತ್ತು. ಎತ್ತಿನ ಪಾಲಿನದು ಎಂದು ಆ ಅಮ್ಮನವರು ನಗುತ್ತ ಕೊಟ್ಟು ಹೋಗುವರು. ತಿನ್ನುತ್ತಿದ್ದವನು ನಾನು.